ಹಾಳೆಯೊಳಗೆ ಹಿಡಿಸಿದ ಜ್ವರ

"ಗುರುಗಳೇ, ತಿರುಗಿ ಪ್ರಶ್ನೆ ಕೇಳದ ಓದುಗನಿಗೆ ಎಷ್ಟು ಬರೆದರೆ ಸಾಕು?" ಎಂದು ಶಿಷ್ಯ ಕೇಳಿದ.

ಅವನ ಕೆಲಸ ಹೀಗಿತ್ತು. ಅಂಕಿಗಳನ್ನು ಕೊಟ್ಟರೆ ಗ್ರಾಫ್ ಬಿಡಿಸಿಕೊಡುವ ಒಂದು ತಂತ್ರಾಂಶ. ಅದನ್ನು ಬಳಸುವವರು ಮನುಷ್ಯರಲ್ಲ, ಒಪ್ಪಿಸಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಎಐ ಏಜೆಂಟುಗಳು. ಅದನ್ನು ಬಳಸುವ ಕ್ರಮವನ್ನು ಅವುಗಳಿಗಾಗಿ ಬರೆದಿಡುವುದು ಶಿಷ್ಯನ ಪಾಲಿಗೆ ಬಂದಿತ್ತು.

"ಅರ್ಧ ಪುಟದಲ್ಲಿ ಮುಗಿಸಿದ್ದೇನೆ," ಎಂದ. "ಏನು ಮಾಡಬೇಕೋ ಅಷ್ಟೇ ಇದೆ. ಯಾಕೆ ಮಾಡಬೇಕು ಎಂಬುದನ್ನು ಬಿಟ್ಟೆ. ಅವು ಬರೆದದ್ದನ್ನು ಬರೆದ ಹಾಗೆ ಮಾಡುತ್ತವೆ. ಕಾರಣ ಕಟ್ಟಿಕೊಂಡು ಅವುಗಳಿಗೇನು?"

"ಬರೆದ ಹಾಗೆಯೇ ಮಾಡುತ್ತವೆಯೆ?"

"ಒಂದಕ್ಷರ ತಪ್ಪದೆ."

ಗುರು ಈ ಕತೆ ಹೇಳಿದರು.

ಒಬ್ಬ ನೇಕಾರನ ಹೆಂಡತಿಗೆ ಜ್ವರ ಬಂತು. ಹೊಳೆಯಾಚೆಯ ಪೇಟೆಯಿಂದ ವೈದ್ಯ ಬಂದು ನೋಡಿದ. ಪೇಟೆಯಲ್ಲೂ ಜ್ವರ ಹರಡಿದ್ದ ಕಾಲ. ದಿನವೂ ಹೊಳೆ ದಾಟಿ ಬರುವುದು ಅವನಿಂದ ಆಗದು. ನೇಕಾರನಿಗೆ ಥರ್ಮಾಮೀಟರ್ ನೋಡುವುದನ್ನು ಕಲಿಸಿದ. ಸೀರೆಯಂಚಿನ ನಕ್ಷೆ ಬಿಡಿಸುವ ಕಿರಿದಾದ ಚೌಕುಳಿ ಹಾಳೆಗಳು ಮನೆಯಲ್ಲೇ ಇದ್ದವು. ಒಂದರ ಮೇಲೆ ಆ ದಿನದ ಚುಕ್ಕೆಯನ್ನು ತಾನೇ ಇಟ್ಟು ತೋರಿಸಿದ. ಜ್ವರ ಒಂದು ಡಿಗ್ರಿ ಏರಿದರೆ ಚುಕ್ಕೆ ಎರಡು ಚೌಕುಳಿ ಮನೆ ಮೇಲೆ. ಆಮೇಲೆ ಇನ್ನೊಂದು ಹಾಳೆಯಲ್ಲಿ ಸೂಚನೆ ಬರೆದ.

ದಿನಕ್ಕೊಮ್ಮೆ ಜ್ವರ ಅಳೆ. ಅಳತೆಗೆ ತಕ್ಕ ಎತ್ತರದಲ್ಲಿ ಚುಕ್ಕೆ ಇಡು. ಚುಕ್ಕೆಗಳನ್ನು ಗೆರೆಯಿಂದ ಸೇರಿಸು. ಗೆರೆ ಹಾಳೆಯ ಹೊರಗೆ ಹೋಗಬಾರದು. ಬೆಳಗಿನ ದೋಣಿಯಲ್ಲಿ ಒಂದು ಪ್ರತಿ ಕಳಿಸು.

ಹಿಂದೊಬ್ಬ ರೋಗಿಯ ಮನೆಯವರು ಹಾಳೆಗೆ ಹಾಳೆ ಅಂಟಿಸಿ ಕಳಿಸಿ ತಲೆನೋವು ತಂದಿದ್ದರು. ನಾಲ್ಕನೆಯ ಮಾತು ಅದಕ್ಕಾಗಿ. ಗೆರೆ ಮೇಲಂಚು ಮುಟ್ಟಿದ ದಿನ ಎಲ್ಲ ಬಿಟ್ಟು ಹೊರಡಬೇಕೆಂದು ವೈದ್ಯ ಮನಸ್ಸಿನಲ್ಲೇ ಅಂದುಕೊಂಡ. ಅದನ್ನು ಬರೆಯಲಿಲ್ಲ.

"ಹೂವು ಬಳ್ಳಿ ಹಾಕಿಬಿಟ್ಟೀಯ. ಬರೀ ಗೆರೆ ಸಾಕಪ್ಪ," ಎಂದ.

"ಗೆರೆ ಎಳೆಯೋದು ನನಗೆ ಹೇಳಿಕೊಡ್ತೀರಾ ಸ್ವಾಮಿ? ಇವಳು ಉಟ್ಟಿರೋ ಸೀರೆಯಂಚು ನೋಡಿ. ಒಂದೆಳೆ ಆಚೀಚೆ ಆಗಿದೆಯಾ?"

ಮಲಗಿದ್ದ ಹೆಂಡತಿ ನಕ್ಕಳು.

ಮೂರು ದಿನ ಗೆರೆ ಏರಿತು. ನಾಲ್ಕನೆಯ ದಿನದ ಚುಕ್ಕೆಗೆ ಹಾಳೆಯಲ್ಲಿ ಜಾಗ ಸಾಲಲಿಲ್ಲ. ನಕ್ಷೆ ಅಂಚಿಗೆ ಹಿಡಿಸದಿದ್ದರೆ ನೇಕಾರರು ನಕ್ಷೆಯನ್ನು ಕುಗ್ಗಿಸುತ್ತಾರೆ. ಅವನೂ ಹಾಗೇ ಮಾಡಿದ. ಹೊಸ ಹಾಳೆ ತೆಗೆದು, ಡಿಗ್ರಿಗೆ ಎರಡು ಮನೆ ಇದ್ದದ್ದನ್ನು ಒಂದು ಮನೆ ಮಾಡಿ, ಮೊದಲ ದಿನದಿಂದ ಎಲ್ಲ ಚುಕ್ಕೆಗಳನ್ನೂ ಮತ್ತೆ ಇಟ್ಟ. ಗೆರೆಯ ತುದಿ ಹಾಳೆಯ ನಡುವಿಗೆ ಬಂತು.

ವೈದ್ಯನ ಕೈಗೆ ದಿನಕ್ಕೆ ನಲವತ್ತು ಹಾಳೆ ಬರುತ್ತಿದ್ದವು. ಪ್ರತಿಯೊಂದರಲ್ಲೂ ಅವನು ನೋಡುತ್ತಿದ್ದುದು ಮೇಲಂಚನ್ನು. ನೇಕಾರನ ಹಾಳೆಯಲ್ಲಿ ಅಂಚಿಗೂ ಗೆರೆಗೂ ನಡುವೆ ಬೇಕಾದಷ್ಟು ಜಾಗವಿತ್ತು. ಮಡಿಸಿಟ್ಟು ಮುಂದಿನದನ್ನು ತೆಗೆದ.

ಐದನೆಯ ದಿನ ಹೆಂಡತಿ ಕೇಳಿದಳು. "ವೈದ್ಯರು ಬರಲ್ವಾ?"

"ದಿನಾ ಹಾಳೆ ನೋಡ್ತಿದ್ದಾರೆ ಕಣೇ. ಬರೋ ಹಾಗಿದ್ದರೆ ಬಂದಿರೋರು. ಬಂದಿಲ್ಲ ಅಂದ್ರೆ ಭಯ ಇಲ್ಲ ಅಂತ ತಾನೆ?"

ಆಕೆ ಹೌದೆಂದು ತಲೆಯಾಡಿಸಿದಳು.

ಏಳನೆಯ ದಿನ ದೋಣಿಯಲ್ಲಿ ಹಾಳೆ ಬರಲಿಲ್ಲ. ವೈದ್ಯ ಆಗ ಹೊರಟ. ಅವನು ಹೋದಾಗ ಎಲ್ಲ ಮುಗಿದಿತ್ತು. ಮಗ್ಗದ ಪಕ್ಕದಲ್ಲಿ ಕೂತಿದ್ದ ನೇಕಾರ ಎದ್ದು ನಿಂತ.

"ನನ್ನಿಂದ ಏನಾದರೂ ತಪ್ಪಾಯಿತೇ ಸ್ವಾಮಿ? ಹೊರಗೆ ಹೋಗಬಾರದು ಅಂತ ಬರೆದಿದ್ರಲ್ಲ, ಅದಕ್ಕೇ ಸಣ್ಣದು ಮಾಡಿದೆ. ಒಂದು ದಿನವೂ ಹೊರಗೆ ಬಿಟ್ಟಿಲ್ಲ."

ವೈದ್ಯ ತಾನು ತಂದಿದ್ದ ಹಾಳೆಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಹರಡಿದ. ಮನೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಗೆರೆ ಒಂದೆಳೆಯೂ ಆಚೀಚೆ ಆಗಿರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ.

"ನೇಕಾರ ಒಂದು ಮಾತು ಕೇಳಿ ಕಳಿಸಬಹುದಿತ್ತಲ್ಲವೆ?"

"ಕಳಿಸಬಹುದಿತ್ತು," ಎಂದರು ಗುರು. "ಆದರೆ ವೈದ್ಯ ಸೂಚನೆ ಬರೆದ ಹಾಳೆಯಲ್ಲಿ ಇನ್ನೂ ಅರ್ಧ ಖಾಲಿಯಿತ್ತು."