ಇಂಜಿನ್ನಿನ ಹೊಟ್ಟೆಕಿಚ್ಚು

ಒಂದಾನೊಂದು ಊರಿನಲ್ಲಿ ನಿಂಬೆವ್ವ ಎಂಬಾಕೆಗೆ ಒಂದು ಹಿಟ್ಟಿನ ಗಿರಣಿ ಇತ್ತು. ಗಿರಣಿ ಎಂದರೆ ಜೋಳ ಹಾಕಿದರೆ ಹಿಟ್ಟು ಬರುವ ಜಾಗ. ಹಿಟ್ಟು ಹಾಕಿದರೆ ಜೋಳ ಬರುವುದಿಲ್ಲ. ಅದನ್ನು ತಿರುಗಿಸುವುದಕ್ಕೆ ಒಂದು ಪುಟ್ಟ ಎಣ್ಣೆ ಇಂಜಿನ್ನು. ಅದಿಲ್ಲದಿದ್ದರೆ ನಿಂಬೆವ್ವನಿಗೆ ರೊಟ್ಟಿಯಿಲ್ಲ, ಊರಿಗೂ ಇಲ್ಲ.

ಆ ವರ್ಷ ಚಳಿ ಬಂತು. ಗಾಳಿಯ ಚಳಿ, ಜ್ವರದ ಚಳಿಯಲ್ಲ. ಒಂದು ಬೆಳಿಗ್ಗೆ ಇಂಜಿನ್ನಿನ ಕೊಳವೆಯಿಂದ ಬೆಳ್ಳಗೆ ಬುಸುಬುಸು ಬರುವುದನ್ನು ಆ ಊರಿನ ದೊರೆ ಕಂಡ. ಆ ದೊರೆಗೆ ಒಂದೇ ಚಿಂತೆ, ತನ್ನನ್ನು ಕಂಡು ಯಾರು ಕರುಬುತ್ತಾರೆ ಎಂಬುದು. ಕರುಬುವಂಥದ್ದೇನೂ ಅವನಲ್ಲಿರಲಿಲ್ಲ, ಅದಕ್ಕೇ ಚಿಂತೆ. ಮಂತ್ರಿಯನ್ನು ಕೇಳಿದ. ಮಂತ್ರಿ ಓದಿದವ. ಹೊಗೆ ಬಂದರೆ ಒಳಗೆ ಕಿಚ್ಚಿದೆ, ಒಳಗೆಂದರೆ ಹೊಟ್ಟೆ, ಆದ್ದರಿಂದ ಇದು ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿದ. ಹೊಟ್ಟೆಕಿಚ್ಚಿಗೆ ಶಿಕ್ಷೆ, ಕೆರೆಯಲ್ಲಿ ಮುಳುಗಿಸುವುದು.

ಭಟರು ಮಧ್ಯಾಹ್ನ ಬಂದರು. ಬಿಸಿಲಿತ್ತು, ಹೊಗೆ ಇರಲಿಲ್ಲ. ಈ ಇಂಜಿನ್ನು ಕರುಬುವುದೂ ಅಲ್ಲದೆ ಬಚ್ಚಿಡುತ್ತದೆ ಎಂದು ಬರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಗಿರಣಿಯ ಮುಂದೆಯೇ ವಿಚಾರಣೆ.

ಇಂಜಿನ್ನು ಬಾಯಿಬಿಟ್ಟಿತು. “ಎಣ್ಣೆ ಉರಿದಾಗ ನೀರಿನ ಹಬೆಯೂ ಹುಟ್ಟುತ್ತದೆ, ದೊರೆ. ತಣ್ಣನೆ ಗಾಳಿ ತಾಗಿದರೆ ಅದು ಮಂಜಾಗಿ ಕಾಣುತ್ತದೆ. ಮಧ್ಯಾಹ್ನವೂ ಬರುತ್ತದೆ, ಕಾಣುವುದಿಲ್ಲ, ಅಷ್ಟೇ.”

“ಕಾಣದಂತೆ ಕರುಬುತ್ತೀಯಾ?” ಎಂದ ದೊರೆ. ಹಾಗೆನ್ನುವಾಗ ಅವನ ಬಾಯಿಂದಲೂ ಬೆಳ್ಳಗೆ ಬುಸ್ಸೆಂದಿತು.

ಸಭೆ ನೆಲ ನೋಡಿತು. ದೊರೆಯ ಬಾಯಿಂದ ಬರುವುದು ಹೊಗೆಯಲ್ಲ, ಧೂಪ ಎಂದು ಹೇಳಿ ಮಂತ್ರಿ ಅಡ್ಡಬಿದ್ದ. ಸಭೆಯೂ ಬಿತ್ತು.

ನಿಂಬೆವ್ವ ಸೆರಗು ಸಿಕ್ಕಿಸಿ ನಿಂತಳು. “ಮಂತ್ರಿಗಳ, ದೊರೀದು ಧೂಪ ಆದ್ರ ನನ್ನ ಇಂಜಿನ್ನಿಂದೂ ಧೂಪನ. ಅದ ಬಿಳುಪು, ಅದ ಥಂಡಿ. ಫರಕು ಇಷ್ಟ, ಇದು ಊದಿದ್ರ ಹಿಟ್ಟು ಬರ್ತದ.”

ದೊರೆಯ ಧೂಪ ಉಳಿಯಬೇಕಾದರೆ ಇದೂ ಧೂಪವೇ ಎಂದು ಮಂತ್ರಿ ಒಪ್ಪಿಕೊಂಡ. ಇಂಜಿನ್ನು ಉಳಿಯಿತು. ಅದರ ಧೂಪ ದೊರೆಯ ಧೂಪಕ್ಕಿಂತ ದಟ್ಟವಾಗಿತ್ತಾದ್ದರಿಂದ ಸಭೆ ತಿರುಗಿ ಅದಕ್ಕೇ ಅಡ್ಡಬಿತ್ತು. ಆಗ ದೊರೆಯ ಹೊಟ್ಟೆಯಲ್ಲಿ ನಿಜವಾದ ಕಿಚ್ಚು ಹತ್ತಿತು. ಇಂಜಿನ್ನಿಗೆ ಹಾಕುವಂತೆ ತನಗೂ ಹ್ಯಾಂಡಲ್ ಹಾಕಿ ತಿರುಗಿಸಿ ಎಂದು ಅಪ್ಪಣೆ ಮಾಡಿದ. ಹ್ಯಾಂಡಲ್ ಹಾಕುವ ಜಾಗ ಹುಡುಕಿ ಹುಡುಕಿ ಮಂತ್ರಿ ಕೊನೆಗೆ ಕಿವಿ ಹಿಡಿದು ತಿರುಗಿಸಿದ.

ಅಂದಿನಿಂದ ಚಳಿಗಾಲದ ಬೆಳಿಗ್ಗೆ ದೊರೆ ಗಿರಣಿಯ ಪಕ್ಕ ಕೂತು ಡುಗುಡುಗು ಎನ್ನುತ್ತಾನೆ. ಜೋಳ ತಂದವರು ಇದು ಏನು ಬೀಸುತ್ತದೆ ಎಂದು ಕೇಳುತ್ತಾರೆ.

“ಏನೂ ಬೀಸಂಗಿಲ್ಲವ್ವ,” ಎನ್ನುತ್ತಾಳೆ ನಿಂಬೆವ್ವ. “ಈ ಕಡೆ ಪಾಳಿ ಹಚ್ಚಿ ನಿಂದ್ರು.”

ಕತೆ ಬೀಸಿದ್ದಾಯಿತು, ಹಿಟ್ಟು ನಿಮಗೆ, ತೌಡು ನನಗೆ. ನೀತಿ ಬೇಕೆನ್ನುವವರಿಗೆ ನೀತಿ: ಚಳಿಯಲ್ಲಿ ದೊಡ್ಡವರ ಬಾಯಿಂದ ಏನೇ ಬರಲಿ, ಅಡ್ಡಬೀಳುವ ಮೊದಲು ಬಿಸಿಲೇರುವವರೆಗೆ ಕಾಯಿರಿ.