ಏಳನೆಯ ಬಿಲ

ಮಳೆ ಈಚೆಗೆ ಹದ ತಪ್ಪಿತ್ತು. ನೆರೆ ಬಂದರೆ ಮರಿಗಳನ್ನು ಎಲ್ಲಿರಿಸಬೇಕೆಂದು ಗೊತ್ತುಮಾಡಲು ಆನೆ ದೊರೆ ಹೊಳೆದಂಡೆಯಲ್ಲಿ ಸಭೆ ಕರೆಯಿತು. ಮಂತ್ರಿ ಮುಳ್ಳುಹಂದಿ ಅಜ್ಜನ ಕಾಲದ ನೆರೆಯ ಗುರುತು ನೋಡಿ ಗೆರೆ ಎಳೆಯಿತು. “ಇದರ ಮೇಲಿದ್ದವರಿಗೆ ಭಯವಿಲ್ಲ.”

“ಆ ಗೆರೆ ಸಾಲದು ಸ್ವಾಮಿ,” ಎಂದಿತು ಮುದಿ ಏಡಿ. “ನನ್ನ ಮನೆಯವಳು ವರ್ಷಕ್ಕೊಂದು ಬಿಲ ತೋಡುತ್ತಿದ್ದಳು, ಪ್ರತಿ ಸಲವೂ ಒಂದು ಮೊಳ ಮೇಲಕ್ಕೆ. ನೀರು ಏರುತ್ತಿದೆ ಅನ್ನುತ್ತಿದ್ದಳು. ನಾನು ನಗುತ್ತಿದ್ದೆ.”

“ಅಡ್ಡ ನಡೆಯುವವನು ನನ್ನ ಗೆರೆ ತಿದ್ದುತ್ತಾನೆ,” ಎಂದಿತು ಮುಳ್ಳುಹಂದಿ.

“ಅವಳನ್ನು ಕರೆಸು,” ಎಂದಿತು ಆನೆ.

“ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಬಿಲಗಳಿವೆ.”

ಆನೆ ಎದ್ದು ಹೋಗಿ ಸೊಂಡಿಲಿನಿಂದ ಮುಟ್ಟಿ ಮುಟ್ಟಿ ಎಣಿಸಿತು. ಏಳು ಬಿಲ. ಅವುಗಳಲ್ಲಿ ಮೂರು, ಮಂತ್ರಿಯ ಗೆರೆಗಿಂತ ಮೇಲಿದ್ದವು. ಆನೆ ಆ ಗೆರೆ ಅಳಿಸಿ, ಏಳನೆಯದರ ಮೇಲೆ ಹೊಸದು ಎಳೆಯಿತು. ಪ್ರಾಣಿಗಳೆಲ್ಲ ಮರಿಗಳನ್ನು ಅದರ ಮೇಲಕ್ಕೆ ಸಾಗಿಸಿದವು.

ಶ್ರಾವಣದಲ್ಲಿ ಹೊಳೆ ಉಕ್ಕಿತು. ನೀರು ಏಳನೆಯ ಬಿಲದ ಬಾಯಿಗೆ ಬಂದು ನಿಂತಿತು.

ನೀರಿಳಿದ ಮೇಲೆ ಮುಳ್ಳುಹಂದಿ ಮರಿಗಳನ್ನು ಕರೆತಂದು ಏಡಿಗೆ ತಲೆಬಾಗಿತು. “ನಿನ್ನಿಂದ ಇವು ಉಳಿದವು ಅಣ್ಣ.”

“ನನ್ನಿಂದಲ್ಲ. ಆ ಬಿಲಕ್ಕೆ ನಮಸ್ಕಾರ ಮಾಡಿಸು.”

ಮರಿಗಳು ಬಿಲದ ಮುಂದೆ ಸಾಲಾಗಿ ಬಾಗಿದವು. ಏಡಿ ಅದಕ್ಕಿಂತ ಒಂದು ಮೊಳ ಮೇಲಕ್ಕೆ ಹೋಗಿ ಎಂಟನೆಯದನ್ನು ತೋಡತೊಡಗಿತು.