ಕಾಂಡ್ಲದ ಬುಡದಲ್ಲಿ ಏಡಿ ಅಂಗಿ ಕಳಚಿದ್ದು

ಕಡಲಿಗೆ ಉಪ್ಪು ಹಾಕಿದವನು ನಾನೇ. ಹೋಗಲಿ ಬಿಡು, ಅದು ಸುಳ್ಳು. ಮನೆಯ ಸಾರಿಗೆ ಉಪ್ಪು ಹಾಕಲೂ ನಿನ್ನ ಅತ್ತೆ ನನ್ನನ್ನು ಬಿಡುವುದಿಲ್ಲ. ಆದರೆ ನೇತ್ರಾ, ಈಗ ಹೇಳುವ ಏಡಿಯ ಕಥೆ ನಿಜ. ಮುಕ್ಕಾಲು ಪಾಲಾದರೂ ನಿಜ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಯಾವ ಕಡೆ ಹರಿಯಬೇಕು ಅಂತ ನದಿಗೆ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಕಂಡಕಂಡವರನ್ನು ದಾರಿ ಕೇಳುತ್ತಿತ್ತು. ಆಗ ಕಡಲಮ್ಮ ನದಿ ಕಡಲು ಸೇರುವ ಅಳಿವೆಯಲ್ಲಿ ಕೂತು ತನ್ನ ಮಕ್ಕಳಿಗೆಲ್ಲ ಅಂಗಿ ಹೊಲಿಯುತ್ತಿದ್ದಳು. ಮೀನಿಗೆ ಹೊಳೆಯುವ ಹುರುಪೆಯ ಅಂಗಿ. ಬಸವನಹುಳುವಿಗೆ ಬೆಳೆದಷ್ಟೂ ಅಂಚು ಸೇರಿಸಿಕೊಳ್ಳುವ ಅಂಗಿ.

ಏಡಿಯ ಸರದಿ ಬಂತು.

"ಬೆಳೆಯುವ ಮೈ ನಿಂದು. ಸ್ವಲ್ಪ ದೊಗಳೆ ಹೊಲಿಯುತ್ತೇನೆ," ಅಂದಳು ಕಡಲಮ್ಮ. ಅಮ್ಮಂದಿರೆಲ್ಲ ಹಾಗೆಯೇ. ನಿನ್ನ ಯೂನಿಫಾರ್ಮೇ ನೋಡು, ಅದರೊಳಗೆ ಇನ್ನೊಬ್ಬಳು ನೇತ್ರಾ ಆರಾಮಾಗಿ ಕೂರಬಹುದು.

"ಬೇಡಮ್ಮ," ಅಂತು ಏಡಿ. "ದೊಗಳೆ ಹಾಕಿಕೊಂಡರೆ ಸಿಗಡಿ ನಗುತ್ತದೆ. ನನಗೆ ಮೈಗೆ ಅಂಟಿದ ಹಾಗಿರಬೇಕು. ಗಟ್ಟಿಯಾಗಿಯೂ ಇರಬೇಕು."

ಹಾಗೆಯೇ ಆಯಿತು. ಸುಣ್ಣ ಬೆರೆಸಿದ ಗಟ್ಟಿ ಅಂಗಿ, ಎಳ್ಳಷ್ಟೂ ಸಡಿಲವಿಲ್ಲ. ಏಡಿ ಅದನ್ನು ತೊಟ್ಟು ಅಡ್ಡಡ್ಡ ನಡೆಯಿತು, ಎದುರು ಬಂದವರಿಗೆಲ್ಲ ಪೂರ್ತಿ ಅಂಗಿ ಕಾಣಲಿ ಅಂತ.

ಏಡಿ ತಿಂದಿತು, ಬೆಳೆಯಿತು. ಮತ್ತೆ ತಿಂದಿತು, ಮತ್ತೆ ಬೆಳೆಯಿತು. ಅಂಗಿ ಮಾತ್ರ ಬೆಳೆಯಲಿಲ್ಲ.

"ಬಿಚ್ಚಿಬಿಡಬಹುದಿತ್ತಲ್ಲ ಮಾವ?"

ಗುಂಡಿ ಇದ್ದರೆ ತಾನೇ ಮಾರಾಯ್ತಿ ಬಿಚ್ಚುವುದು? ಗುಂಡಿ ಇಟ್ಟರೆ ಅಂದ ಕೆಡುತ್ತದೆ ಅಂತ ಅದನ್ನೂ ಬೇಡ ಅಂದಿತ್ತು.

"ಅಮ್ಮಾ, ಉಸಿರು ಕಟ್ಟುತ್ತಿದೆ. ಇನ್ನು ನಾನು ಉಳಿಯುವುದಿಲ್ಲ," ಅಂತ ಏಡಿ ಅಳುತ್ತ ಬಂತು.

ಕಡಲಮ್ಮ ಬೈಯಲಿಲ್ಲ. "ನಿನಗೆ ಹೇಳದೆ ಒಳಗೊಂದು ಮೆತ್ತನೆಯ ಅಂಗಿ ಇಟ್ಟಿದ್ದೇನೆ. ಹೊಟ್ಟೆ ತುಂಬ ನೀರು ಕುಡಿ. ಮೇಲಿನದು ಬೆನ್ನ ಹಿಂದೆ ಬಿರಿಯುತ್ತದೆ. ಹಿಂದೆ ಹಿಂದೆ ಸರಿದು ಹೊರಗೆ ಬಾ. ಮತ್ತೆ ನೀರು ಕುಡಿದು ಮೈ ಉಬ್ಬಿಸಿಕೋ. ಹೊಸದು ದೊಗಳೆಯಾಗಿಯೇ ಗಟ್ಟಿಯಾಗಲಿ."

"ಗಟ್ಟಿಯಾಗುವ ತನಕ?"

"ಬೆಣ್ಣೆಯ ಹಾಗಿರುತ್ತೀ. ಎಲ್ಲಾದರೂ ಅಡಗಿಕೋ."

ಪಕ್ಕದಲ್ಲೇ ಕೊಕ್ಕರೆ ಒಂಟಿ ಕಾಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿತು. ಬೆಣ್ಣೆ ಅಂದ ಕೂಡಲೇ ಎರಡನೇ ಕಾಲನ್ನೂ ಊರಿತು.

ಏಡಿ ಬಂಡೆಯನ್ನು ಕೇಳಿತು. "ನನ್ನ ಕೆಳಗೆ ಜಾಗವೆಲ್ಲಿ? ನಾನೇ ಕೂತಿದ್ದೇನಲ್ಲ," ಅಂತು ಬಂಡೆ. ಮರಳನ್ನು ಕೇಳಿತು. "ಇವತ್ತು ಇಲ್ಲಿರುತ್ತೇನೆ, ನಾಳೆ ಎಲ್ಲಿರುತ್ತೇನೋ," ಅಂತು ಮರಳು.

ಅಳಿವೆಯ ಉಪ್ಪುನೀರಿನ ಕೆಸರಿನಲ್ಲಿ ಬೇರು ಊರಿ ನಿಂತಿದ್ದ ಕಾಂಡ್ಲ ಗಿಡ ಮಾತ್ರ ನೆಪ ಹೇಳಲಿಲ್ಲ. "ಬಾ ತಂಗಿ, ನನ್ನ ಬೇರಿನ ಸಂದಿಗೆ ಬಾ," ಅಂತು.

ಏಡಿ ಅಲ್ಲಿ ನೀರು ಕುಡಿಯಿತು. ಬೆನ್ನ ಹಿಂದೆ ಅಂಗಿ ಬಿರಿಯಿತು. ಒಂದೊಂದೇ ಕಾಲು ಎಳೆದುಕೊಂಡು ಹಿಂದೆ ಹಿಂದೆ ಸರಿದು ಹೊರಗೆ ಬಂತು. ಕಾಂಡ್ಲ ಸುತ್ತಲಿನ ಕೆಸರನ್ನೆಲ್ಲ ಎಳೆದು ಅದರ ಮೇಲೆ ಹೊದಿಸಿತು.

ಕೊಕ್ಕರೆ ಬಂತು. "ಕಾಂಡ್ಲಕ್ಕ, ಏಡಿ ಈ ಕಡೆ ಬಂತಾ?"

"ಬಂತಪ್ಪ. ಅದರ ಬೆನ್ನು ಅಗೋ ಅಲ್ಲಿ."

ಕೊಕ್ಕರೆ ಹಳೆಯ ಅಂಗಿಯನ್ನು ಕುಕ್ಕಿತು. ಟಕ್ ಅಂತು. ತಿರುಗಿಸಿ ಕುಕ್ಕಿತು. ಮತ್ತೆ ಟಕ್.

"ಇದರೊಳಗೆ ಏನೂ ಇಲ್ಲವಲ್ಲ."

"ನೀನು ತಡ ಮಾಡಿದೆ. ನಾನೇನು ಮಾಡಲಿ?" ಅಂತು ಕಾಂಡ್ಲ. ಕೊಕ್ಕರೆ ಮುಖ ಊದಿಸಿಕೊಂಡು ಹಾರಿಹೋಯಿತು.

ಹೊಸ ಅಂಗಿ ಗಟ್ಟಿಯಾಯಿತು. ಏಡಿ ಖುಷಿಯಿಂದ ಕೆಸರು ಸರಿಸಿ ಮೇಲೆ ಬಂತು. ನೋಡಿದರೆ ಕಾಂಡ್ಲದ ಎಲೆಗಳು ಹಳದಿಯಾಗಿ ಜೋತುಬಿದ್ದಿವೆ.

"ಅಕ್ಕ, ಏನಾಯ್ತು?"

"ಏನಿಲ್ಲ ತಂಗಿ. ನಿನ್ನನ್ನು ಮುಚ್ಚಲು ಕೆಸರನ್ನು ಬಿಗಿಯಾಗಿ ಎಳೆದುಕೊಂಡೆ. ಬೇರಿಗೆ ಗಾಳಿ ಸಿಗುತ್ತಿಲ್ಲ."

ಬಿಗಿ ಅಂದರೆ ಏನು ಅಂತ ಏಡಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕೂಡಲೇ ಅಗೆಯತೊಡಗಿತು. ಇಲ್ಲೊಂದು ಬಿಲ, ಅಲ್ಲೊಂದು ಬಿಲ, ಬೇರಿನ ಪಕ್ಕ ಇನ್ನೊಂದು ಬಿಲ. ಆ ದಾರಿಯಲ್ಲಿ ಗಾಳಿ ಒಳಗಿಳಿಯಿತು, ನೀರು ಒಳಗಿಳಿಯಿತು. ಬೇರು ಉಸಿರಾಡಿತು. ಒಂದೊಂದೇ ಎಲೆ ತಲೆ ಎತ್ತಿತು.

"ಸಾಕು ತಂಗಿ, ನಿನ್ನ ಋಣ ತೀರಿತು," ಅಂತು ಕಾಂಡ್ಲ.

"ಅದು ತೀರುವಂಥದ್ದಲ್ಲ ಅಕ್ಕ. ನೀನು ಇಲ್ಲದಿದ್ದರೆ ನಾನು ಕೊಕ್ಕರೆಯ ಹೊಟ್ಟೆಯಲ್ಲಿರುತ್ತಿದ್ದೆ. ನನ್ನ ಮೈ ಇನ್ನೂ ಬೆಳೆಯುತ್ತದೆ, ಮತ್ತೆ ಅಂಗಿ ಕಳಚಲು ನಿನ್ನ ಹತ್ತಿರವೇ ಬರುತ್ತೇನೆ. ನನ್ನ ಮಕ್ಕಳೂ ಬರುತ್ತಾರೆ. ನಾವು ಅಗೆಯುತ್ತಲೇ ಇರುತ್ತೇವೆ."

ಅದಕ್ಕೇ ನೇತ್ರಾ, ಕಡಲ ನೀರು ಇಳಿದ ಹೊತ್ತಿಗೆ ಅಳಿವೆಗೆ ಹೋದರೆ ಕಾಂಡ್ಲದ ಬುಡದ ತುಂಬ ನಿನಗೆ ಬಿಲಗಳು ಕಾಣುತ್ತವೆ. ಏಡಿಗಳು ಇವತ್ತಿಗೂ ಅಕ್ಕನ ಬೇರಿಗೆ ಗಾಳಿ ಬಿಡುತ್ತಿವೆ. ಅವನ್ನು ತುಳಿದು ಮುಚ್ಚಬೇಡ.

ಮಾತಾಡಿ ಮಾತಾಡಿ ನನ್ನ ಗಂಟಲು ಒಣಗಿತು ನೋಡು. ಓಡಿಹೋಗಿ ನಿಮ್ಮಪ್ಪನನ್ನು ಕರೆದುಕೊಂಡು ಬಾ. ಕಥೆ ಹೇಳಿದ ಕೂಲಿಗೆ ನನ್ನ ಚಹಾದ ದುಡ್ಡು ಅವರೇ ಕೊಡಲಿ.